ನನ್ನ ಸೆಮಿ ಆಟೊ ರೈಫಲ್‌ಗೆ ಯಾವ ತೋಟಾ ಒಳ್ಳೇದು?

ಪ್ರಶ್ನೆ: ಎಂಟು ವರ್ಷದಿಂದ ಟೆಕ್ಸಾಸ್‌ನ ಆಸ್ಟಿನ್ ಹತ್ತಿರ ಇದ್ದೇನೆ. ಗ್ರೀನ್ ಕಾರ್ಡ್ ಇದೆ. ಹೋದ ವರ್ಷ ರೂಗರ್ 10/22 ಅನ್ನುವ ಸೆಮಿ ಆಟೊ (ಟ್ರಿಗರ್ ಎಳೆದಾಗೆಲ್ಲ ಒಂದು ಗುಂಡು ಹಾರಿಸಿ, ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ) ರೈಫಲ್ ಕೊಂಡು, ಮೇಲೊಂದು ಸ್ಕೋಪ್ ಹಾಕಿಸಿದೆ. ಅಂಗಡಿಯಲ್ಲಿ ಸಿಗುವ 500ರ ಅಗ್ಗದ ಡಬ್ಬದ ತೋಟಾ ಬಳಸುತ್ತಿದ್ದೇನೆ. 50 ಗಜದಲ್ಲಿ ಗುಂಡುಗಳು ಎರಡು ಇಂಚು ಅಗಲಕ್ಕೆ ಹರಡುತ್ತವೆ. ಒಬ್ಬ ಗೆಳೆಯ ಒಂದು ಕಂಪನಿ ಹೆಸರು ಹೇಳುತ್ತಾನೆ, ಇನ್ನೊಬ್ಬ ಇನ್ನೊಂದು. ಒಮ್ಮೆ ಸ್ಪರ್ಧೆಗೆಂದು ಮಾಡುವ ದುಬಾರಿ ಮ್ಯಾಚ್ ತೋಟಾ ತಂದೆ. ಐದೇ ಗುಂಡು ಹೊಡೆದಾಗ ಅರ್ಧ ಇಂಚಿನ ಗ್ರೂಪ್ (ಗುರಿಕಾಗದದಲ್ಲಿ ಬಿದ್ದ ತೂತುಗಳ ಗುಂಪು) ಬಂತು, ಮುಂದಿನ ಸಲ ಒಂದೂವರೆ ಇಂಚು. ಮಧ್ಯೆ ಎರಡು ಮೂರು ಸಲ ಸಿಕ್ಕಿಹಾಕಿಕೊಂಡಿತು. ಸದ್ಯದಲ್ಲೇ ಆ್ಯಪಲ್‌ಸೀಡ್ ಅನ್ನುವ ರೈಫಲ್ ತರಬೇತಿ ಶಿಬಿರಕ್ಕೆ ಹೋಗಬೇಕು ಅಂತಿದ್ದೇನೆ. ಕಾರ್ಖಾನೆಯ ತೋಟಾಗಳಲ್ಲಿ ನನ್ನ ರೈಫಲ್‌ಗೆ ಎಲ್ಲಕ್ಕಿಂತ ನಿಖರವಾದದ್ದು ಯಾವುದು? ಒಂದೇ ಹೆಸರು ಹೇಳಿ.

ಉತ್ತರ: ಹೆಸರು ಹೇಳುತ್ತೇನೆ. ಆದರೆ ಅದನ್ನು ನಿಮ್ಮ ರೈಫಲ್ ಒಪ್ಪಬೇಕು. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ಎರಡು 10/22 ರೈಫಲ್‌ಗಳು ಒಂದೇ ತೋಟಾವನ್ನು ಬೇರೆ ಬೇರೆ ಥರ ಹೊಡೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಯಾವ ಕಂಪನಿ ಅನ್ನುವುದಕ್ಕಿಂತ, ನಿಮ್ಮ ರೈಫಲ್‌ಗೆ ಯಾವುದು ಹೊಂದುತ್ತದೆ ಅಂತ ಕಂಡುಹಿಡಿಯುವುದು ಹೇಗೆ ಅನ್ನುವುದೇ ಮುಖ್ಯ. ಅದಕ್ಕೆ ಎರಡು ಬೆಳಗ್ಗೆ ಸಾಕು, ದುಡ್ಡೂ ಜಾಸ್ತಿ ಬೇಡ.

ಮೊದಲೇ ಒಂದು ಮಾತು. ಈ ಉತ್ತರದಲ್ಲಿ ತೋಟಾ ಅಂದರೆ ಇಡೀ ಕಾರ್ಟ್ರಿಜ್. ಗುಂಡು ಅಂದರೆ ಅದರ ತುದಿಯಲ್ಲಿ ಕೂತಿರುವ, ಹಾರಿಹೋಗುವ ಸೀಸ ಮಾತ್ರ. ಊರಲ್ಲಿ ಎರಡಕ್ಕೂ ಗುಂಡು ಅಂತಲೇ ಅನ್ನುತ್ತೇವೆ. ಇಲ್ಲಿ ಬೇರೆ ಮಾಡದಿದ್ದರೆ ಗೊಂದಲ ಆಗುತ್ತದೆ.

ತೋಟಾ ಬದಲಿಸುವ ಮುಂಚೆ ಸ್ಕ್ರೂ ನೋಡಿ. 10/22ರ ಬ್ಯಾರೆಲ್ ತಿರುಚಿ ಕೂರಿಸಿದ್ದಲ್ಲ. ಎರಡು ಸ್ಕ್ರೂ ಹಾಕಿ, ಒಂದು ಸಣ್ಣ ಲೋಹದ ತುಂಡಿನ (ವಿ-ಬ್ಲಾಕ್) ಮೂಲಕ ಹಿಂದಕ್ಕೆ ಎಳೆದು ಹಿಡಿದದ್ದು. ಮರದ ಸ್ಟಾಕನ್ನು ಹಿಡಿಯುವುದು ಕೆಳಗಿನ ಒಂದೇ ಸ್ಕ್ರೂ. ಮುಂದೆ ಬ್ಯಾರೆಲ್ ಸುತ್ತ ಪಟ್ಟಿ ಇದ್ದರೆ ಅದಕ್ಕೂ ಒಂದು ಸ್ಕ್ರೂ ಇರುತ್ತದೆ. ಇವುಗಳಲ್ಲಿ ಯಾವುದು ಸಡಿಲವಾದರೂ ಸರಿ, ಸ್ಕೋಪಿನ ಬೇಸ್ ಅಲ್ಲಾಡಿದರೂ ಸರಿ, ಎಂಥಾ ತೋಟಾ ಹಾಕಿದರೂ ಗುಂಡು ಚದುರುತ್ತದೆ. ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಆಮೇಲೆ ಒಂದೊಂದೇ ಸ್ಕ್ರೂ ಮುಟ್ಟಿ ನೋಡಿ. ಎರಡು ಇಂಚಿನ ಗ್ರೂಪ್ ಹಿಡಿದು ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಜನರಿಗೆ ಬೇಕಾಗಿದ್ದದ್ದು ಸ್ಕ್ರೂಡ್ರೈವರ್.

ಸ್ಕ್ರೂ ಎಲ್ಲ ಗಟ್ಟಿ ಇದ್ದರೆ ತೋಟಾಕ್ಕೆ ಬರೋಣ.

ನಿಮ್ಮ ರೈಫಲ್ ತಿನ್ನುವುದು .22 ಲಾಂಗ್ ರೈಫಲ್ ತೋಟಾ. 1887ರಿಂದ ಇರುವ ಹಳೇ ವಿನ್ಯಾಸ ಇದು. ಕ್ಯಾಪ್ ಅಂತ ಇದಕ್ಕೆ ಪ್ರತ್ಯೇಕ ಇಲ್ಲ. ಕೇಸಿನ, ಅಂದರೆ ತೋಟಾದ ಹಿತ್ತಾಳೆ ಕೊಳವೆಯ, ಬುಡದಲ್ಲಿ ಅಂಚು ಇದೆಯಲ್ವಾ, ಆ ಅಂಚಿನ ಒಳಗೇ ಕಿಡಿ ಹೊತ್ತಿಸುವ ಮದ್ದು ಇರುತ್ತದೆ. ಒದ್ದೆ ಮದ್ದನ್ನು ಕೇಸಿಗೆ ಹಾಕಿ ಗಿರಗಿರ ತಿರುಗಿಸುತ್ತಾರೆ, ಅದು ಅಂಚಿನೊಳಗೆ ಹೋಗಿ ಕೂರುತ್ತದೆ. ಸುತ್ತಲೂ ಸಮವಾಗಿ ಕೂತರೆ ಪ್ರತಿ ತೋಟಾವೂ ಒಂದೇ ರೀತಿ ಹೊತ್ತಿಕೊಳ್ಳುತ್ತದೆ. ಒಂದು ಕಡೆ ಕಮ್ಮಿ ಆದರೆ ವೇಗ ಬದಲಾಗುತ್ತದೆ. ಆಮೇಲೆ ಪುಡಿ ಮದ್ದಿನ ತೂಕ, ಸೀಸದ ಗಟ್ಟಿತನ, ಗುಂಡಿನ ಮೇಲೆ ಸವರುವ ಮೇಣ, ಗುಂಡನ್ನು ಒತ್ತಿ ಹಿಡಿಯುವ ಮಡಿಕೆ, ಅಚ್ಚಿನ ಸವೆತ, ಹೀಗೆ ಹತ್ತಾರು ಸಂಗತಿ ಇವೆ. ಬೇರೆ ರೈಫಲ್‌ಗಳವರು ಮನೆಯಲ್ಲಿ ಕೂತು ತೂಕ ಮಾಡಿ ತಾವೇ ತೋಟಾ ತುಂಬಿಕೊಳ್ಳುತ್ತಾರೆ. .22ಗೆ ಆ ದಾರಿ ಇಲ್ಲ. ಕಾರ್ಖಾನೆ ಕೊಟ್ಟದ್ದೇ ನಮ್ಮ ಪಾಲಿಗೆ. ಅದಕ್ಕೇ ಆರಿಸಿಕೊಳ್ಳುವ ಕೆಲಸಕ್ಕೆ ಇಷ್ಟು ಬೆಲೆ.

ವೇಗದ ಹೆಚ್ಚು ಕಮ್ಮಿ ಯಾಕೆ ಮುಖ್ಯ ಅಂತ ಒಂದು ಲೆಕ್ಕ ಹಾಕೋಣ. ಸೆಕೆಂಡಿಗೆ 1,070 ಅಡಿ ವೇಗದಲ್ಲಿ ಹೊರಟ ಗುಂಡು 50 ಗಜ ದಾಟಲು ಸುಮಾರು 0.145 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಭೂಮಿ ಅದನ್ನು ಸುಮಾರು ನಾಲ್ಕು ಇಂಚು ಕೆಳಗೆಳೆದಿರುತ್ತದೆ. ಮುಂದಿನ ಗುಂಡು 30 ಅಡಿ ನಿಧಾನವಾಗಿ ಹೊರಟಿತು ಅಂತಿಟ್ಟುಕೊಳ್ಳಿ. ಅದು ಕಾಲು ಇಂಚಿನ ಹತ್ತಿರ ಇನ್ನೂ ಕೆಳಗೆ ಬೀಳುತ್ತದೆ. 100 ಗಜದಲ್ಲಿ ಅದೇ ವ್ಯತ್ಯಾಸ ಮುಕ್ಕಾಲರಿಂದ ಒಂದು ಇಂಚು ಆಗುತ್ತದೆ. ನಿಮ್ಮ ಕೈ ಕಲ್ಲಿನ ಹಾಗೆ ನಿಂತಿದ್ದರೂ ಇದನ್ನು ತಡೆಯಲು ಆಗುವುದಿಲ್ಲ. ಅಗ್ಗದ ಡಬ್ಬದ ತೋಟಾದಲ್ಲಿ 30 ಅಡಿ ಏನೂ ದೊಡ್ಡ ವ್ಯತ್ಯಾಸ ಅಲ್ಲ, ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಗುರಿಕಾಗದದಲ್ಲಿ ತೂತುಗಳು ಮೇಲೆ ಕೆಳಗೆ ಉದ್ದಕ್ಕೆ ಸಾಲಾಗಿದ್ದರೆ ಮೊದಲು ವೇಗದ ಮೇಲೆ ಅನುಮಾನ ಪಡಿ. ಅಡ್ಡಕ್ಕೆ ಹರಡಿದ್ದರೆ ಗಾಳಿ, ಇಲ್ಲವೇ ನಿಮ್ಮ ಬೆರಳು.

ಜಾಸ್ತಿ ವೇಗ ಅಂದರೆ ಜಾಸ್ತಿ ನಿಖರ ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. .22ರಲ್ಲಿ ಬಹಳ ಸಲ ಉಲ್ಟಾ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,125 ಅಡಿ. ಡಬ್ಬದ ಮೇಲೆ 1,235 ಅಥವಾ 1,250 ಅಡಿ ಅಂತ ಇರುವ ಹೈ ವೆಲಾಸಿಟಿ ತೋಟಾದ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಡುತ್ತದೆ. ಹೋಗ್ತಾ ಹೋಗ್ತಾ 50 ಗಜದ ಆಸುಪಾಸಿನಲ್ಲಿ ಶಬ್ದದ ವೇಗಕ್ಕೆ ಇಳಿಯುತ್ತದೆ. ಈ ಗಡಿ ಹತ್ತಿರ ಗಾಳಿಯ ತಡೆ ಏಕಾಏಕಿ ಬದಲಾಗುತ್ತದೆ, ಗುಂಡು ಸ್ವಲ್ಪ ತೊನೆಯಲೂಬಹುದು. ಅಡ್ಡಗಾಳಿಗೆ ಸಹ ಈ ವೇಗದ ಗುಂಡೇ ಜಾಸ್ತಿ ಪಕ್ಕಕ್ಕೆ ಸರಿಯುತ್ತದೆ. ಕೇಳಲು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಅನ್ನುವುದು ಗುಂಡು ದಾರಿಯಲ್ಲಿ ಎಷ್ಟು ವೇಗ ಕಳೆದುಕೊಂಡಿತು ಅನ್ನುವುದರ ಮೇಲೆ ನಿಂತಿದೆ. ಜೋರಾಗಿ ಹೊರಟದ್ದು ಆ ಗಡಿಯಲ್ಲಿ ಜಾಸ್ತಿ ಕಳೆದುಕೊಳ್ಳುತ್ತದೆ. ಮ್ಯಾಚ್ ತೋಟಾಗಳನ್ನೆಲ್ಲ 1,040ರಿಂದ 1,090 ಅಡಿಯ ಒಳಗೆ ಇಡುವುದು ಇದಕ್ಕೇ. ನಿಮ್ಮ ಟೆಕ್ಸಾಸ್ ಬಿಸಿಲು ಇದರಲ್ಲಿ ಸಹಾಯಕ್ಕೇ ಬರುತ್ತದೆ. 38 ಡಿಗ್ರಿಯಲ್ಲಿ ಶಬ್ದದ ವೇಗ 1,160 ಅಡಿ, ಗಡಿ ಇನ್ನೂ ದೂರ. ಚಳಿಗೆ ಸೊನ್ನೆ ಡಿಗ್ರಿ ಆದರೆ 1,087ಕ್ಕೆ ಇಳಿಯುತ್ತದೆ. ಆಗ ಬೇಸಿಗೆಯಲ್ಲಿ ಚೆನ್ನಾಗಿ ಹೊಡೆಯುತ್ತಿದ್ದ ತೋಟಾ ಸ್ವಲ್ಪ ಮುನಿಸಿಕೊಳ್ಳುವುದುಂಟು.

ಇನ್ನು ಸೆಮಿ ಆಟೊ ವಿಷಯ. ನೀವು ಕೇಳಿದ ಪ್ರಶ್ನೆಯ ಹೂರಣ ಇಲ್ಲಿದೆ.

10/22, 1964ರಲ್ಲಿ ಬಂದ ರೈಫಲ್. ಅದರ ಬೋಲ್ಟಿಗೆ, ಅಂದರೆ ಬ್ಯಾರೆಲ್ಲಿನ ಹಿಂಬದಿ ಮುಚ್ಚುವ ಲೋಹದ ತುಂಡಿಗೆ, ಬೀಗ ಇಲ್ಲ. ತನ್ನ ತೂಕ ಮತ್ತು ಸ್ಪ್ರಿಂಗಿನ ಬಲದಿಂದ ಮಾತ್ರ ಮುಚ್ಚಿಕೊಂಡಿರುತ್ತದೆ. ತೋಟಾ ಸಿಡಿದಾಗ ಕೇಸೇ ಹಿಂದಕ್ಕೆ ಒದ್ದು ಬೋಲ್ಟನ್ನು ತಳ್ಳುತ್ತದೆ. ಬೋಲ್ಟ್ ಹಿಂದೆ ಹೋಗಿ, ಹಳೇ ಕೇಸನ್ನು ಎಸೆದು, ಮುಂದೆ ಬರುವಾಗ ಹೊಸ ತೋಟಾವನ್ನು ಮ್ಯಾಗಜೀನ್‌ನಿಂದ ನೂಕಿ ಚೇಂಬರಿಗೆ (ಬ್ಯಾರೆಲ್ಲಿನ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿಗೆ) ಹಾಕುತ್ತದೆ. ಕೈಯಲ್ಲಿ ಬೋಲ್ಟ್ ಎಳೆಯುವ ರೈಫಲ್‌ನಲ್ಲಿ ನೀವು ತೋಟಾವನ್ನು ನಿಧಾನಕ್ಕೆ ಒಳಗೆ ತಳ್ಳುತ್ತೀರಿ. ಇಲ್ಲಿ ಒಂದು ಕಬ್ಬಿಣದ ತುಂಡು ಅದನ್ನು ಗುದ್ದಿ ಒಳಗೆ ಹಾಕುತ್ತದೆ. ಮ್ಯಾಚ್ ತೋಟಾದ ಸೀಸ ಮೆತ್ತಗೆ, ಮೇಲೆ ತಾಮ್ರದ ಲೇಪ ಇಲ್ಲ, ಮೇಣ ಬೇರೆ. ಬೋಲ್ಟ್ ರೈಫಲ್‌ನಲ್ಲಿ ಅದ್ಭುತವಾಗಿ ಹೊಡೆಯುವ ತೋಟಾ ಸೆಮಿ ಆಟೊದಲ್ಲಿ ಸಪ್ಪೆ ಆಗುವುದಕ್ಕೆ ಬಹಳ ಸಲ ಇದೇ ಕಾರಣ. ಗುಂಡು ಬ್ಯಾರೆಲ್ ಸೇರುವ ಮುಂಚೆಯೇ ಗಾಯ ಮಾಡಿಕೊಂಡಿರುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ರೇಂಜಿನಲ್ಲೇ ಮಾಡಿ, ಮನೆಯಲ್ಲಿ ಖಂಡಿತ ಬೇಡ. ರೈಫಲ್ ಗುರಿಯ ದಿಬ್ಬದ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ದೂರ ಇರಲಿ. ಮ್ಯಾಗಜೀನ್ ಹಾಕಿ, ಬೋಲ್ಟನ್ನು ಪೂರ್ತಿ ಹಿಂದೆ ಎಳೆದು ಒಮ್ಮೆಲೇ ಬಿಡಿ. ಕೈಯಲ್ಲಿ ಹಿಡಿದು ನಿಧಾನಕ್ಕೆ ಬಿಡಬೇಡಿ. ಈಗ ಹೊಡೆಯದೆ ಬೋಲ್ಟ್ ಎಳೆದು ಆ ತೋಟಾವನ್ನು ಹೊರಗೆ ತೆಗೆಯಿರಿ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಗುಂಡಿನ ಮೂಗಿನ ಮೇಲೆ ಒಂದು ಚಪ್ಪಟೆ ಜಾಗ ಹೊಳೆಯುತ್ತದಾ? ಪಕ್ಕದಲ್ಲಿ ಉಗುರಿನಿಂದ ಕೆರೆದಂಥ ಗೀರು ಇದೆಯಾ? ಹೆಬ್ಬೆರಳಿನ ಉಗುರನ್ನು ಸುತ್ತ ಆಡಿಸಿ, ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತದೆ. ಮ್ಯಾಗಜೀನ್ ತೆಗೆದು ಚೇಂಬರಿನ ಬಾಯಿಯನ್ನು ಟಾರ್ಚ್ ಹಾಕಿ ನೋಡಿ. ಕೂದಲೆಳೆಯಷ್ಟು ತೆಳ್ಳಗಿನ ಸೀಸದ ಸುರುಳಿ ಅಂಚಿಗೆ ಅಂಟಿಕೊಂಡಿದ್ದರೆ, ಅದು ಗುಂಡಿನ ಒಂದು ಪಕ್ಕದಿಂದ ಹೆರೆದು ಬಂದದ್ದು. 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡಿನ ಒಂದು ಪಕ್ಕ ಸವೆದರೆ ತೂಕ ನಡುವಿನಿಂದ ಆಚೆ ಹೋಯಿತು. ನಿಮ್ಮ ಬ್ಯಾರೆಲ್ ಪ್ರತಿ 16 ಇಂಚಿಗೆ ಒಂದು ಸುತ್ತು ತಿರುಗಿಸುತ್ತದೆ. ಅಂದರೆ ಗುಂಡು ಸೆಕೆಂಡಿಗೆ 800 ಸುತ್ತು ತಿರುಗುತ್ತಾ ಹೊರಡುತ್ತದೆ. ತೂಕ ಒಂದು ಪಕ್ಕಕ್ಕೆ ಇದ್ದರೆ ಸೀದಾ ಹೋಗೋದು ಹೇಗೆ? ಹೀಗೆ ಐದಾರು ತೋಟಾ ತೆಗೆದು ನೋಡಿ. ಎಲ್ಲದರ ಮೇಲೂ ಅದೇ ಗಾಯ ಇದ್ದರೆ ಆ ತೋಟಾ ನಿಮ್ಮ ರೈಫಲ್‌ಗೆ ಆಗಿಬರುವುದಿಲ್ಲ. ಪೆಟ್ಟಿಗೆಯ ಮೇಲೆ ಎಷ್ಟೇ ದೊಡ್ಡ ಹೆಸರಿರಲಿ, ಬಿಟ್ಟುಬಿಡಿ.

ಒಂದು ಎಚ್ಚರಿಕೆ. ಬಿಗಿ ಮ್ಯಾಚ್ ಚೇಂಬರ್ ಇರುವ ಬ್ಯಾರೆಲ್ ಆದರೆ ಗುಂಡು ಮುಂದೆ ಬ್ಯಾರೆಲ್ ಒಳಗೆ ಕೊರೆದಿರುವ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳುತ್ತದೆ. ಹೊಡೆಯದೆ ಹೊರಗೆಳೆದರೆ ಕೇಸು ಮಾತ್ರ ಬಂದು ಗುಂಡು ಒಳಗೇ ಉಳಿಯಬಹುದು. 10/22ರ ಸಾಮಾನ್ಯ ಚೇಂಬರ್ ಸಡಿಲವಾಗಿಯೇ ಇರುತ್ತದೆ, ತೊಂದರೆ ಕಮ್ಮಿ. ಆದರೂ ಹೊರಬಂದ ತೋಟಾದಲ್ಲಿ ಗುಂಡು ಇದೆಯಾ ಅಂತ ಪ್ರತಿ ಸಲ ನೋಡಿ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಮೇಲಿಂದ ಇನ್ನೊಂದು ಹೊಡೆಯಲೇಬಾರದು.

ನಿಮ್ಮ ಮ್ಯಾಚ್ ತೋಟಾ ಸಿಕ್ಕಿಹಾಕಿಕೊಂಡದ್ದಕ್ಕೂ ಉತ್ತರ ಇಲ್ಲೇ ಇದೆ. ನಿಧಾನದ ತೋಟಾ ಬೋಲ್ಟನ್ನು ಒದೆಯುವ ಬಲ ಕಮ್ಮಿ. ಚೇಂಬರಿನಲ್ಲಿ ಮಸಿ, ಮೇಣ ಕೂತಿದ್ದರೆ, ಬೋಲ್ಟ್ ಒಣಗಿದ್ದರೆ, ಅದು ಪೂರ್ತಿ ಹಿಂದೆ ಹೋಗುವುದಿಲ್ಲ. ಕೇಸು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಚೇಂಬರನ್ನು ಬ್ರಷ್ ಹಾಕಿ ತೊಳೆಯಿರಿ, ಬೋಲ್ಟಿನ ಪಕ್ಕಕ್ಕೆ ಒಂದು ಹನಿ ಎಣ್ಣೆ ಬಿಡಿ. ಅರ್ಧದಷ್ಟು ತಕರಾರು ಇದರಲ್ಲೇ ಹೋಗುತ್ತದೆ. ಬ್ಯಾರೆಲ್ಲಿನ ಒಳಗನ್ನು ಮಾತ್ರ ಪ್ರತಿ ಸಲ ಉಜ್ಜಬೇಡಿ. ಯಾಕೆ ಅಂತ ಈಗ ಹೇಳುತ್ತೇನೆ.

ಪ್ರತಿ ತಯಾರಕರ ಮೇಣ ಬೇರೆ. ಒಂದು ಕಂಪನಿಯ ತೋಟಾ ಹೊಡೆದಾಗ ಬ್ಯಾರೆಲ್ ಒಳಗೆ ಅದರ ಮೇಣದ ತೆಳು ಪದರ ಕೂರುತ್ತದೆ. ಇನ್ನೊಂದು ತೋಟಾಕ್ಕೆ ಬದಲಿಸಿದರೆ ಮೊದಲ ಹತ್ತು ಹದಿನೈದು ಗುಂಡುಗಳು ಹಳೇ ಮೇಣದ ಮೇಲೆ ಓಡುತ್ತವೆ. ಹೊಸ ಪದರ ಕೂರುವ ತನಕ ಗ್ರೂಪ್ ಅಲ್ಲಿ ಇಲ್ಲಿ ಅಲೆಯುತ್ತದೆ. ತೊಳೆದ ಬ್ಯಾರೆಲ್ಲಿನ ಕತೆಯೂ ಇದೇ. ಐದು ಗುಂಡು ಈ ತೋಟಾ, ಐದು ಗುಂಡು ಆ ತೋಟಾ ಅಂತ ಬದಲಿಸಿ ಬದಲಿಸಿ ಹೊಡೆದು ತೀರ್ಪು ಕೊಡುವವರು ನಿಜಕ್ಕೂ ಅಳೆಯುತ್ತಿರುವುದು ಎರಡು ಮೇಣಗಳ ಮಿಶ್ರಣವನ್ನು. ನಿಮ್ಮ ಅರ್ಧ ಇಂಚು, ಒಂದೂವರೆ ಇಂಚಿನಲ್ಲಿ ಇದರ ಪಾಲೂ ಇರಬಹುದು.

ಇನ್ನೊಂದು ಪಾಲು ಐದು ಗುಂಡಿನ ಗ್ರೂಪ್‌ನದ್ದು. ಈ ವಿಷಯದಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಪೆಟ್ಟಿಗೆಯ ಮೊದಲ ಐದು ಗುಂಡು ಒಂದೇ ತೂತಿನ ಹಾಗೆ ಬಿದ್ದವು. ಆ ಕಾಗದ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಇದ್ದಬದ್ದ ಪೆಟ್ಟಿಗೆಗಳನ್ನೆಲ್ಲ ತಂದೆ. ಮುಂದಿನ ಎರಡು ವರ್ಷ ಆ ತೋಟಾ ಒಂದು ದಿನವೂ ಮತ್ತೆ ಹಾಗೆ ಹೊಡೆಯಲಿಲ್ಲ. ತೋಟಾ ಕೆಟ್ಟಿರಲಿಲ್ಲ. ಆ ಐದು ಗುಂಡು ಅದೃಷ್ಟದ್ದಾಗಿದ್ದವು, ಅಷ್ಟೇ.

ಲೆಕ್ಕ ಹೀಗಿದೆ. ಒಂದು ರೈಫಲ್ ಐದು ಗುಂಡಿಗೆ ಸರಾಸರಿ ಒಂದು ಇಂಚಿನ ಗ್ರೂಪ್ ಹೊಡೆಯುತ್ತದೆ ಅನ್ನೋಣ. ಅದೇ ರೈಫಲ್, ಅದೇ ತೋಟಾ, ಮೂರೇ ಗುಂಡು ಹೊಡೆದರೆ ಸರಾಸರಿ 0.78 ಇಂಚು ಬರುತ್ತದೆ. ಹತ್ತು ಹೊಡೆದರೆ 1.24 ಇಂಚು. ಏನೂ ಬದಲಾಗಿಲ್ಲ, ಗುಂಡಿನ ಲೆಕ್ಕ ಮಾತ್ರ ಬದಲಾಗಿದೆ. ಮೂರು ಗುಂಡಿನ ಗ್ರೂಪ್ ತೋರಿಸಿ ಹೆಮ್ಮೆ ಪಡುವವರ ಕಾಗದವನ್ನು ಹತ್ತು ಗುಂಡಿನದ್ದಕ್ಕೆ ಹೋಲಿಸಲೇಬೇಡಿ. ಅದೂ ಅಲ್ಲದೆ, ಆ ಒಂದು ಇಂಚು ಬರೀ ಸರಾಸರಿ. ಒಂದೊಂದು ಗ್ರೂಪ್ ಮುಕ್ಕಾಲು ಇಂಚಿಗೂ ಬರುತ್ತದೆ, ಒಂದೂಕಾಲಿಗೂ ಹೋಗುತ್ತದೆ. ಎರಡೂ ಸಹಜ. ಎರಡು ತೋಟಾಗಳ ನಡುವೆ ಹತ್ತು ಪರ್ಸೆಂಟ್ ವ್ಯತ್ಯಾಸ ಇದ್ದರೆ ಒಂದೆರಡು ಗ್ರೂಪ್‌ನಲ್ಲಿ ಅದು ಗೊತ್ತೇ ಆಗುವುದಿಲ್ಲ. ದುಪ್ಪಟ್ಟು ವ್ಯತ್ಯಾಸ ಇದ್ದರೆ ಎರಡು ಮೂರು ಗ್ರೂಪ್‌ನಲ್ಲೇ ಕಣ್ಣಿಗೆ ಹೊಡೆಯುತ್ತದೆ.

ಹಾಗಾದರೆ ಹೀಗೆ ಮಾಡಿ. ಐದು ಬಗೆಯ ತೋಟಾ, ಒಂದೊಂದು ಪೆಟ್ಟಿಗೆ ತನ್ನಿ. ಪೆಟ್ಟಿಗೆಗೆ 50 ಇರುತ್ತವೆ. ನಿಮ್ಮ ಮ್ಯಾಗಜೀನ್‌ಗೆ ಹತ್ತು ಹಿಡಿಯುತ್ತವೆ. ಬೆಳಗ್ಗೆ ಗಾಳಿ ಏಳುವ ಮುಂಚೆ ರೇಂಜಿಗೆ ಹೋಗಿ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ 50 ಗಜದಲ್ಲೇ ಗುಂಡನ್ನು ಸುಮಾರು ಒಂದು ಇಂಚು ಸರಿಸುತ್ತದೆ. ನೀವು ಹುಡುಕುತ್ತಿರುವ ವ್ಯತ್ಯಾಸ ಅದಕ್ಕಿಂತ ಸಣ್ಣದು. ಮುಂದೆ ಒಂದು ಮರಳು ಚೀಲ, ಹಿಂದೆ ಒಂದು. ರೈಫಲ್ ಚೀಲದ ಮೇಲೆ ಪ್ರತಿ ಸಲ ಅದೇ ಜಾಗದಲ್ಲಿ ಕೂರಬೇಕು. ಬ್ಯಾರೆಲ್ ಚೀಲಕ್ಕೆ ತಾಗಬಾರದು, ಸ್ಟಾಕ್ ಮಾತ್ರ ತಾಗಲಿ. ದೂರ 50 ಗಜ. 25ರಲ್ಲಿ ಎಲ್ಲ ತೋಟಾವೂ ಒಳ್ಳೇದೇ ಕಾಣುತ್ತದೆ.

ಮೊದಲ ಮ್ಯಾಗಜೀನ್ ಬ್ಯಾರೆಲ್ಲಿಗೆ ಮೇಣ ಕೂರಿಸಲು. ದಿಬ್ಬಕ್ಕೆ ಹೊಡೆದು ಬಿಡಿ, ಅಳೆಯಬೇಡಿ. ಮುಂದಿನ ಮೂರು ಮ್ಯಾಗಜೀನ್ ಲೆಕ್ಕಕ್ಕೆ. ಪ್ರತಿಯೊಂದರಲ್ಲೂ ಮೊದಲ ತೋಟಾವನ್ನು ನೀವು ಕೈಯಲ್ಲಿ ಬೋಲ್ಟ್ ಬಿಟ್ಟು ಹಾಕಿರುತ್ತೀರಿ, ಉಳಿದ ಒಂಬತ್ತನ್ನು ರೈಫಲ್ ತಾನೇ ಹಾಕಿಕೊಳ್ಳುತ್ತದೆ. ಎರಡೂ ಒಂದೇ ಥರ ಕೂರುವುದಿಲ್ಲ. ಹಾಗಾಗಿ ಮೊದಲ ಗುಂಡು ಎಷ್ಟೋ ಸೆಮಿ ಆಟೊಗಳಲ್ಲಿ ಬೇರೆ ಕಡೆ ಬೀಳುತ್ತದೆ. ಅದನ್ನು ಪಕ್ಕದ ಚುಕ್ಕೆಗೆ ಹೊಡೆಯಿರಿ, ಒಂಬತ್ತನ್ನು ನಡುವಿನ ಚುಕ್ಕೆಗೆ. ಹೀಗೆ ಮೂರು ಗ್ರೂಪ್, 27 ಗುಂಡು. ಪಕ್ಕದ ಚುಕ್ಕೆಯ ಮೂರು ಗುಂಡು ಕೂಡ ಇಟ್ಟುಕೊಳ್ಳಿ. ನಿಮ್ಮ ರೈಫಲ್ ಮೊದಲ ಗುಂಡನ್ನು ಎಲ್ಲಿಗೆ ಹಾಕುತ್ತದೆ ಅಂತ ಅದು ಹೇಳುತ್ತದೆ. ಉಳಿದ ಹತ್ತು ತೋಟಾ ಮೇಲೆ ಹೇಳಿದ ಗಾಯದ ಪರೀಕ್ಷೆಗೆ. ಒಂದು ಬೆಳಗ್ಗೆ ಎರಡು ಮೂರು ಬಗೆ ಸಾಕು. ಕಣ್ಣು ಸೋತ ಮೇಲೆ ಹೊಡೆದದ್ದು ತೋಟಾದ ಪರೀಕ್ಷೆ ಆಗುವುದಿಲ್ಲ.

ಅಳೆಯುವಾಗ ಅತಿ ದೂರದ ಎರಡು ತೂತುಗಳ ನಡುವಿಂದ ನಡುವಿಗೆ ಅಳೆಯಿರಿ. ನೋಟ್‌ಬುಕ್‌ನಲ್ಲಿ ಮೂರೂ ಅಳತೆ ಬರೆಯಿರಿ. ಸಿಕ್ಕಿಹಾಕಿಕೊಂಡದ್ದು ಎಷ್ಟು ಸಲ, ಹೊತ್ತದೆ ಉಳಿದದ್ದು ಎಷ್ಟು, ಅದನ್ನೂ ಬರೆಯಿರಿ. ಕೆಟ್ಟ ಗುಂಡನ್ನು ನನ್ನ ತಪ್ಪು ಅಂತ ಬಿಟ್ಟುಬಿಡುವ ಆಸೆ ಆಗುತ್ತದೆ. ಟ್ರಿಗರ್ ಎಳೆದ ಕ್ಷಣದಲ್ಲೇ, ತೂತು ನೋಡುವ ಮುಂಚೆಯೇ ತಪ್ಪಾಯ್ತು ಅಂತ ಬಾಯಲ್ಲಿ ಹೇಳಿದ್ದರೆ ಮಾತ್ರ ಬಿಡಿ. ಆಮೇಲೆ ನನ್ನ ಅಭಿಪ್ರಾಯದಲ್ಲಿ ಅತಿ ಸಣ್ಣ ಗ್ರೂಪ್ ನೋಡಿ ಆರಿಸಬೇಡಿ. ಮೂರರಲ್ಲಿ ಅತಿ ದೊಡ್ಡದು ಯಾವ ತೋಟಾದಲ್ಲಿ ಚಿಕ್ಕದಾಗಿದೆಯೋ ಅದನ್ನು ಎತ್ತಿಕೊಳ್ಳಿ. ಸ್ಪರ್ಧೆಯ ದಿನ ನಿಮ್ಮ ಪಾಲಿಗೆ ಬರುವುದು ಯಾವ ಗ್ರೂಪ್ ಅಂತ ನೀವು ಆರಿಸಲು ಆಗುವುದಿಲ್ಲವಲ್ಲ.

ಈಗ ಹೆಸರುಗಳು. ಮೊದಲನೆಯದು ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ. ಐಡಹೊದ ಲೂಯಿಸ್ಟನ್‌ನಲ್ಲಿ ತಯಾರಾಗುತ್ತದೆ, 40 ಗ್ರೇನ್, ಸೆಕೆಂಡಿಗೆ 1,070 ಅಡಿ. ಶುಚಿಯಾದ 10/22ನಲ್ಲಿ ಸಲೀಸಾಗಿ ಓಡುತ್ತದೆ, ಬೆಲೆಯೂ ಮೈಮೇಲೆ ಬರುವುದಿಲ್ಲ. ಎರಡನೆಯದು ಅವರದ್ದೇ ಮಿನಿ ಮ್ಯಾಗ್, 1,235 ಅಡಿ, ತಾಮ್ರದ ತೆಳು ಲೇಪ ಇರುವುದು. ಗ್ರೂಪ್ ಸ್ವಲ್ಪ ದೊಡ್ಡದಾಗಬಹುದು, ಆದರೆ ಗಲೀಜಾದ ರೈಫಲ್‌ನಲ್ಲೂ ಸಿಕ್ಕಿಕೊಳ್ಳದೆ ಓಡುವ ಜಾತಿ. ಮೂರನೆಯದು ಫೆಡರಲ್ ಆಟೊಮ್ಯಾಚ್, ಹೆಸರೇ ಹೇಳುವ ಹಾಗೆ ಸೆಮಿ ಆಟೊಗೆಂದು ಮಾಡಿದ್ದು. ನಾಲ್ಕನೆಯದು ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್. ಜರ್ಮನಿಯ ಶೋನೆಬೆಕ್‌ನಲ್ಲಿ, ಲಪುವಾ ಕಂಪನಿಯ .22 ತೋಟಾ ತಯಾರಾಗುವ ಅದೇ ಕಾರ್ಖಾನೆಯಿಂದ ಬರುತ್ತದೆ. ಐದನೆಯದಾಗಿ ದುಬಾರಿಯ ಒಂದನ್ನು ತೆಗೆದುಕೊಳ್ಳಿ, ಲಪುವಾ ಸೆಂಟರ್ ಎಕ್ಸ್ ಆಗಬಹುದು. ನಿಮ್ಮ ರೈಫಲ್‌ಗೆ ಎಲ್ಲಿಯವರೆಗೆ ಹೋಗುವ ಶಕ್ತಿ ಇದೆ ಅಂತ ಅದರಿಂದ ಗೊತ್ತಾಗುತ್ತದೆ. ದುಬಾರಿಯದ್ದಕ್ಕೂ ನಾಲ್ಕನೆಯದಕ್ಕೂ ನಿಮ್ಮ ಕಾಗದದಲ್ಲಿ ವ್ಯತ್ಯಾಸವೇ ಕಾಣದಿದ್ದರೆ ಆಶ್ಚರ್ಯ ಪಡಬೇಡಿ. ಕಾರ್ಖಾನೆಯ ಬ್ಯಾರೆಲ್, ಕಾರ್ಖಾನೆಯ ಟ್ರಿಗರ್ ಇರುವ 10/22ನಲ್ಲಿ ಅದು ಸಾಮಾನ್ಯ. 50 ಗಜದಲ್ಲಿ ಒಂಬತ್ತು ಗುಂಡು ಒಂದು ಇಂಚಿನೊಳಗೆ ಬಂದರೆ ನಿಮ್ಮ ರೈಫಲ್ ಚೆನ್ನಾಗಿ ಹೊಡೆಯುತ್ತಿದೆ ಅಂತಲೇ ಅರ್ಥ.

ಒಂದೇ ಹೆಸರು ಅಂತ ನೀವು ಹಟ ಹಿಡಿದರೆ ನಾನು ಹೇಳುವುದು ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ. ಆ್ಯಪಲ್‌ಸೀಡ್‌ಗಂತೂ ಕಣ್ಣು ಮುಚ್ಚಿ ಅದನ್ನೇ ಒಯ್ಯಿರಿ. ಅಲ್ಲಿ ಹೊಡೆಯುವುದು 25 ಮೀಟರಿನಲ್ಲಿ. ಅವರು ಕೇಳುವುದು 4 ಎಂಒಎ (ಗ್ರೂಪನ್ನು ಕೋನದಲ್ಲಿ ಅಳೆಯುವ ಮಾಪ). ಅಂದರೆ ಆ ದೂರಕ್ಕೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. 250ಕ್ಕೆ 210 ಅಂಕ ಬಂದರೆ ರೈಫಲ್‌ಮನ್ ಅನ್ನುವ ಬಟ್ಟೆಯ ಬಿಲ್ಲೆ (ಪ್ಯಾಚ್) ಕೊಡುತ್ತಾರೆ. ಈ ಕೆಲಸಕ್ಕೆ ಅರ್ಧ ಇಂಚಿನ ಗ್ರೂಪ್ ಬೇಕಾಗಿಲ್ಲ. ಸಮಯದ ಒತ್ತಡದಲ್ಲಿ, ಬೆಲ್ಟು ತೋಳಿಗೆ ಸುತ್ತಿ ಮಲಗಿರುವಾಗ ಒಂದು ತೋಟಾ ಸಿಕ್ಕಿಕೊಂಡರೆ ಹೋಗುವ ಅಂಕ, ಗ್ರೂಪ್ ಕಾಲು ಇಂಚು ದೊಡ್ಡದಾದರೆ ಹೋಗುವ ಅಂಕಕ್ಕಿಂತ ಎಷ್ಟೋ ಜಾಸ್ತಿ.

ಇನ್ನು ಲಾಟ್ ವಿಷಯ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಪೆಟ್ಟಿಗೆಯ ಒಳಮಡಿಕೆಯಲ್ಲೋ ಹಿಂಭಾಗದಲ್ಲೋ ಒಂದು ಸಂಖ್ಯೆ ಒತ್ತಿರುತ್ತಾರೆ. ಅದು ಆ ತೋಟಾ ಯಾವ ಕಂತಿನಲ್ಲಿ ತಯಾರಾಯಿತು ಅಂತ ಹೇಳುತ್ತದೆ. ಅದೇ ಕಂಪನಿ, ಅದೇ ಹೆಸರು, ಬೇರೆ ಲಾಟ್ ಅಂದರೆ ಬೇರೆ ತೋಟಾ ಅಂತಲೇ ತಿಳಿಯಿರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಎಲೇ ಕಂಪನಿಯವರು ತಮ್ಮ ಮ್ಯಾಚ್ ಪೆಟ್ಟಿಗೆಯ ಮೇಲೆ ಆ ಲಾಟಿನ ವೇಗವನ್ನೂ ಒತ್ತುತ್ತಾರೆ. ಲಪುವಾದವರು ಅರಿಜೋನಾದ ಮೆಸಾದಲ್ಲಿ ಪರೀಕ್ಷಾ ಕೇಂದ್ರವನ್ನೇ ಇಟ್ಟಿದ್ದಾರೆ. ದೊಡ್ಡ ಸ್ಪರ್ಧಿಗಳು ರೈಫಲ್ ಒಯ್ದು, ಹತ್ತಾರು ಲಾಟ್ ಹೊಡೆಸಿ ನೋಡಿ, ಹೊಂದಿದ ಲಾಟನ್ನು ಸಾವಿರಗಟ್ಟಲೆ ಕೊಳ್ಳುತ್ತಾರೆ.

ಇದನ್ನು ಬರೆಯುವಾಗ ಊರಿನ ನೆನಪು ಬರುತ್ತದೆ. ನಾನು ಹುಟ್ಟಿದ್ದು ಕೊಡಗಿನಲ್ಲಿ. ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ನಮ್ಮ ಮಾವ ಆ ದಿನಕ್ಕೆ ಅಂತ ಒಂದೇ ಪೆಟ್ಟಿಗೆಯ ತೋಟಾಗಳನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿನ ಖಾನೆಯಲ್ಲಿ ಎತ್ತಿಡುತ್ತಿದ್ದರು. ಬೇರೆ ಪೆಟ್ಟಿಗೆಯದ್ದು ಕೊಟ್ಟರೆ ಮುಟ್ಟುತ್ತಿರಲಿಲ್ಲ. ಯಾಕೆ ಮಾವಾ ಅಂದರೆ, ಇದು ನನ್ನ ಕೋವಿಗೆ ಗೊತ್ತಿರುವ ತೋಟಾ ಕಣೋ ಅನ್ನುತ್ತಿದ್ದರು. ಲಾಟ್ ಅನ್ನುವ ಪದ ಅವರು ಕೇಳಿರಲಿಕ್ಕಿಲ್ಲ. ವಿಷಯ ಮಾತ್ರ ಪೂರ್ತಿ ಗೊತ್ತಿತ್ತು.

ನೀವೂ ಅಷ್ಟೇ ಮಾಡಿ. ಒಂದು ತೋಟಾ ಹೊಂದಿತು ಅಂತ ಗೊತ್ತಾದ ದಿನವೇ ಅದೇ ಅಂಗಡಿಗೆ ಹೋಗಿ, ಅದೇ ಲಾಟ್ ಸಂಖ್ಯೆಯ ಪೆಟ್ಟಿಗೆಗಳನ್ನು ಕೈಲಾದಷ್ಟು ತನ್ನಿ. ಅದರಲ್ಲಿ ಒಂದು ಪೆಟ್ಟಿಗೆಯನ್ನು ಮುಟ್ಟದೆ ಎತ್ತಿಡಿ. ಮುಂದೆ ಹೊಸ ಲಾಟ್ ತಂದಾಗ ಎರಡನ್ನೂ ಒಂದೇ ಬೆಳಗ್ಗೆ ಹೊಡೆದು ನೋಡಬಹುದು. ಇಲ್ಲದಿದ್ದರೆ ಗ್ರೂಪ್ ದೊಡ್ಡದಾದಾಗ ತೋಟಾ ಬದಲಾಯಿತೋ, ರೈಫಲ್ ಬದಲಾಯಿತೋ, ನೀವು ಬದಲಾದಿರೋ ಅಂತ ತಿಳಿಯುವುದೇ ಇಲ್ಲ. ಡಬ್ಬಗಳನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ನಿಮ್ಮೂರ ಬೇಸಿಗೆಗೆ ಗುಂಡಿನ ಮೇಣ ಕರಗಿ ಕೇಸಿಗೆ ಇಳಿಯುತ್ತದೆ. ಮನೆಯೊಳಗೆ ತಣ್ಣಗಿನ ಜಾಗದಲ್ಲಿ, ಬೀಗ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬೇಡಿ.

ಕೊನೆಗೆ ಎರಡು ಕಾನೂನಿನ ಮಾತು. ಇವನ್ನು ನಮ್ಮವರಿಗೆ ಹೇಳದೆ ಇರಲು ಆಗುವುದಿಲ್ಲ. ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ತೊಂದರೆ ಇಲ್ಲ. ಆದರೆ ಎಚ್-1ಬಿಯಂಥ ವೀಸಾದಲ್ಲಿ ಇರುವವರು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ರೈಫಲ್ ಆಗಲಿ ತೋಟಾ ಆಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ಅಂತ ಕೆಲವು ವಿನಾಯಿತಿ ಇವೆ. ಅದನ್ನು ವಕೀಲರ ಹತ್ತಿರ ಕೇಳಿಯೇ ಮುಂದುವರಿಯಬೇಕು. ನಿಮ್ಮ ಗೆಳೆಯರು ಯಾರಾದರೂ ನಿಮ್ಮ ರೈಫಲ್ ನೋಡಿ ಆಸೆಪಟ್ಟರೆ ಇದನ್ನು ಮೊದಲು ಹೇಳಿ.

ಇನ್ನೊಂದು, ಊರಿಗೆ ಹೊರಡುವಾಗ. ರೇಂಜಿಗೆ ಒಯ್ಯುವ ಬ್ಯಾಗನ್ನು ಯಾವತ್ತೂ ಪ್ರಯಾಣಕ್ಕೆ ಬಳಸಬೇಡಿ. ಒಂದೇ ಒಂದು .22 ತೋಟಾ ಹೊಲಿಗೆಯ ಸಂದಿಯಲ್ಲಿ ಉಳಿದಿದ್ದರೂ ಭಾರತದ ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಹಿಡಿಯುತ್ತದೆ. ಲೈಸೆನ್ಸ್ ಇಲ್ಲದೆ ತೋಟಾ ಇದ್ದರೆ ಅಲ್ಲಿ ಆಯುಧ ಕಾಯ್ದೆಯಡಿ ಪೊಲೀಸ್ ಕೇಸ್. ಮರೆತಿದ್ದೆ ಅನ್ನುವ ಮಾತು ಆ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಜಾಕೆಟಿನ ಜೇಬು, ಪ್ಯಾಂಟಿನ ಮಡಿಕೆ, ಕ್ಯಾಮೆರಾ ಚೀಲದ ತಳ, ಎಲ್ಲ ತಡಕಿ ನೋಡಿ. .22 ತೋಟಾ ಪೂರ್ತಿ ಒಂದೇ ಇಂಚು ಉದ್ದ. ಎಲ್ಲಿ ಬೇಕಾದರೂ ಅಡಗಿ ಕೂರುತ್ತದೆ.